ವಿಮಾನದ ಕಡತಗಳೂ ಗೌಡ್ರ ತಾತನೂ

ನಮ್ಮ ಗೋಡೌನಿನಲ್ಲಿ ಮೈ ಜುಮ್ಮೆನ್ನಿಸೋ ಅಂಥದ್ದು ಏನಾದ್ರೂ ಒಂದು ಆಗದೆ ವಾರ ಮುಗಿಯೋದೇ ಇಲ್ಲ. ಮೊದಮೊದಲು ಹೆದರ್ತಿದ್ದೆ. ಆಮೇಲೆ ಸಿಟ್ಟು ಬರ್ತಿತ್ತು. ಈಗ ಯಾರನ್ನಾದ್ರೂ ಹಿಡಿದು ಕೂರಿಸಿ ಹೇಳದಿದ್ರೆ ಊಟ ಸೇರಲ್ಲ.

ವಿಮಾನದ ಕೆಲಸ ಅಂದ ತಕ್ಷಣ ನಮ್ಮ ವಿಜಯನಗರದ ನೆಂಟರೆಲ್ಲ ನಾನು ಆಕಾಶದಲ್ಲಿ ಟ್ರೇ ಹಿಡ್ಕೊಂಡು ಓಡಾಡ್ತೀನಿ ಅಂದ್ಕೊಂಡಿದಾರೆ. ಈ ಮಂಡಿ ನೋವಲ್ಲಿ! ನಾನು ಕೂರೋದು ನಾಯಂಡಹಳ್ಳೀಲಿ. ಆ ಕಡೆ ಗ್ರಾನೈಟ್ ಕೊಯ್ಯೋ ಶೆಡ್ಡು, ಈ ಕಡೆ ಲಾರಿಗೆ ಬಾಡಿ ಕಟ್ಟೋ ವರ್ಕ್‌ಶಾಪು, ನಡುವೆ ಕಿಟಕಿ ಇಲ್ಲದ ನಮ್ಮ ಗೋಡೌನು. ಒಳಗೆ ಹದಿಮೂರು ಸಾಲು ಕಬ್ಬಿಣದ ರ‍್ಯಾಕು, ರ‍್ಯಾಕಿನ ತುಂಬ ರಟ್ಟಿನ ಡಬ್ಬ, ಡಬ್ಬದ ತುಂಬ ವಿಮಾನಗಳ ಜಾತಕ.

ಜಾತಕ ಅಂದ್ರೆ ಲಾಗ್ ಪುಸ್ತಕ. ವಿಮಾನ ಇಳಿದ ಮೇಲೆ ಪೈಲಟ್ ತಾನು ಕಂಡ ತೊಂದರೆಯನ್ನ ಎಡಗಡೆ ಬರೀತಾನೆ. ಎಂಜಿನಿಯರ್ ಬಂದು ಅದನ್ನ ಸರಿ ಮಾಡಿ, ಏನು ಮಾಡಿದೆ ಅಂತ ಬಲಗಡೆ ಬರೆದು ಸೈನ್ ಹಾಕ್ತಾನೆ. ಆಮೇಲೇ ವಿಮಾನ ಮತ್ತೆ ಏಳಬೇಕು. ಬಾಡಿಗೆಗೆ ತಂದ ವಿಮಾನ ಮಾಲೀಕರಿಗೆ ವಾಪಸ್ ಹೋಗೋವಾಗ ಈ ಪುಸ್ತಕಗಳೂ ಜೊತೇಲಿ ಹೋಗಬೇಕು, ಒಂದೇ ಒಂದು ಹಾಳೆ ಕಮ್ಮಿ ಇರಬಾರದು. ಅದನ್ನೆಲ್ಲ ಜೋಡಿಸಿ, ಎಣಿಸಿ, ಸ್ಕ್ಯಾನ್ ಮಾಡಿ ಒಪ್ಪಿಸೋದು ನಮ್ಮ ಕೆಲಸ.

ನಾವು ಅಂದ್ರೆ ಮೂರು ಜನ. ನಾನು ಇನ್‌ಚಾರ್ಜು. ಸ್ಕ್ಯಾನ್ ಮಾಡೋಕೆ ಕೆಂಗೇರಿಯಿಂದ ಬರೋ ಒಬ್ಬರು ಅಕ್ಕ. ಆಮೇಲೆ ನಮ್ಮ ಸಾರು. ಅವರು ರಾಜಾಜಿನಗರದವರು, ಮೂವತ್ತು ವರ್ಷ ವಿಮಾನ ರಿಪೇರಿ ಮಾಡಿ ರಿಟೈರ್ ಆದ ಎಂಜಿನಿಯರು, ಈಗ ನಮಗೆ ಸಲಹೆಗಾರರು. ಮಾತು ಕಮ್ಮಿ, ಬರೆಯೋದು ಜಾಸ್ತಿ.

ಈ ವರ್ಷ ನಮ್ಮ ಮೂರೂ ಜನರ ಜೀವ ತಿಂದಿದ್ದು ಒಂದು ಗುಲಾಬಿ ಬಣ್ಣದ ಹಾಳೆ. ಹನ್ನೊಂದು ವರ್ಷದ ಹಿಂದೆ ಒಂದು ವಿಮಾನ ರನ್‌ವೇ ಮೇಲೆ ಧಡಾರ್ ಅಂತ ಇಳಿದಿತ್ತು. ಹಂಗೆ ಜೋರಾಗಿ ಇಳಿದ್ರೆ ಚಕ್ರದ ಕಾಲುಗಳನ್ನೆಲ್ಲ ತಪಾಸಣೆ ಮಾಡಿ, ಸೈನ್ ಹಾಕಿ, ಆಮೇಲೇ ಹಾರಿಸಬೇಕು. ಆವತ್ತು ಡ್ಯೂಟಿ ಮೇಲಿದ್ದವರು ನಮ್ಮ ಸಾರೇ. "ನಾನು ನೋಡಿದೀನಿ, ಸೈನೂ ಹಾಕಿದೀನಿ" ಅಂತಾರೆ. ಆದ್ರೆ ಪುಸ್ತಕದ ಹೊಲಿಗೆ ಬಿಚ್ಚಿಹೋಗಿ, ಆ ದಿನದ ನಂಬರಿನ ಗುಲಾಬಿ ಹಾಳೆ ಮಾತ್ರ ಮಾಯ. ನಮ್ಮ ಕಸುಬಲ್ಲಿ ಬರೆದಿಲ್ಲ ಅಂದ್ರೆ ಮಾಡಿಲ್ಲ ಅಂತಲೇ ಅರ್ಥ. ಹಾಳೆ ಸಿಗಲಿಲ್ಲ ಅಂದ್ರೆ, 'ಈ ಎಂಜಿನಿಯರ್ ಚಕ್ರ ನೋಡದೆಯೇ ಜನ ತುಂಬಿದ ವಿಮಾನ ಬಿಟ್ಟಿದ್ದಾರೆ' ಅಂತ ಮಾಲೀಕರ ಕಡೆಯ ಇನ್‌ಸ್ಪೆಕ್ಟರು ರಿಪೋರ್ಟ್ ಬರೀತಾನೆ. ಜೀವಮಾನದಲ್ಲಿ ಒಂದು ಸುಳ್ಳು ಸೈನ್ ಹಾಕದ ಮನುಷ್ಯನಿಗೆ ಇಂಥ ಹೆಸರು! ಸಾರ್ ಮಧ್ಯಾಹ್ನ ಊಟಕ್ಕೂ ಏಳದೆ ಡಬ್ಬಗಳ ನಡುವೆ ಓಡಾಡೋದು ನೋಡಿ ನನಗೆ ಕರುಳು ಚುರುಕ್ ಅಂತಿತ್ತು.

ಆ ಹಾಳೆ ಹುಡುಕೋ ಎರಡು ತಿಂಗಳಲ್ಲಿ ಆಗಿದ್ದು ಇವೆಲ್ಲ.

ತಟ್ಟಿದ್ದು ಯಾರು

ಒಂದು ಬೆಳಿಗ್ಗೆ ಹನ್ನೊಂದು ಗಂಟೆ. ಅಕ್ಕ ಇನ್ನೂ ಬಂದಿರಲಿಲ್ಲ, ಸಾರೂ ಕಾಣಲಿಲ್ಲ. ಪಕ್ಕದ ಶೆಡ್ಡಿಗೂ ನಮಗೂ ಒಟ್ಟಿಗೆ ಕರೆಂಟ್ ಹೋಯ್ತು. ಗ್ರಾನೈಟ್ ಕೊಯ್ಯೋ ಕಿರ್ರ್ ಸದ್ದು ನಿಂತ ಕೂಡಲೇ ಗೋಡೌನಿನಲ್ಲಿ ಎಂಥಾ ಮೌನ ಅಂದ್ರೆ, ನನ್ನ ಕೈಗಡಿಯಾರದ ಟಿಕ್ ಟಿಕ್ ನನಗೇ ಕೇಳಿಸ್ತಿತ್ತು. ಮೊಬೈಲ್ ಟಾರ್ಚ್ ಹಾಕ್ಕೊಂಡು, ಗಗನಸಖಿಯರು ದೂರು ಬರೆಯೋ ಹಳೇ ಪುಸ್ತಕ ಒಂದನ್ನ ತಿರುವಿ ಹಾಕ್ತಾ ಕೂತೆ. ಗುಲಾಬಿ ಹಾಳೆ ಅದರೊಳಗೆ ಸೇರಿಕೊಂಡಿರಬಹುದು ಅಂತ ಆಸೆ.

ಒಂದು ಕಡೆ ಹೀಗಿತ್ತು: 'ಹಿಂದಿನ ಟಾಯ್ಲೆಟ್ಟಿನ ಒಳಗಿಂದ ಯಾರೋ ಬಾಗಿಲು ತಟ್ಟುತ್ತಾರೆ. ತೆಗೆದು ನೋಡಿದರೆ ಯಾರೂ ಇಲ್ಲ.' ಎದುರಿಗೆ ಎಂಜಿನಿಯರ್ ಉತ್ತರ: 'ಪರೀಕ್ಷಿಸಲಾಯಿತು. ಯಾರೂ ಇಲ್ಲ.'

ಮಾರನೇ ದಿನ: 'ಮತ್ತೆ ತಟ್ಟಿದರು. ಮೂರು ಸಲ.' ಉತ್ತರ: 'ಒಳಗೆ ಇಪ್ಪತ್ತು ನಿಮಿಷ ಕೂತು ಪರೀಕ್ಷಿಸಲಾಯಿತು. ತಟ್ಟಲಿಲ್ಲ.'

ಮೂರನೇ ದಿನ: 'ಹಾರುವಾಗ ಮಾತ್ರ ತಟ್ಟುತ್ತಾರೆ. ಪ್ರಯಾಣಿಕರು ಆ ಕಡೆ ಹೋಗಲು ಹೆದರುತ್ತಿದ್ದಾರೆ.' ಉತ್ತರ: 'ಗೋಡೆಯ ಹಿಂದಿನ ಪೈಪ್ ಸಡಿಲವಾಗಿತ್ತು. ಬಿಗಿ ಮಾಡಲಾಯಿತು.'

ಅಬ್ಬ, ಮುಗೀತಲ್ಲ ಅಂತ ಹಾಳೆ ತಿರುವಿದೆ. ನಾಲ್ಕನೇ ದಿನ: 'ತಟ್ಟುವುದು ನಿಂತಿದೆ. ಈಗ ಎದುರಿನ ಟಾಯ್ಲೆಟ್ಟಿನಲ್ಲಿ ಯಾರೋ ಕೆಮ್ಮುತ್ತಾರೆ.' ಉತ್ತರ: 'ಅದಕ್ಕೆ ಪ್ರತ್ಯೇಕ ದೂರು ಬರೆಯಿರಿ.'

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಟಕ್, ಟಕ್, ಟಕ್.

"ಯಾರ್ರೀ ಅದು?" ಅಂದೆ, ಸದ್ದೇ ಹೊರಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ, ಅದೂ ಬಹಳ ಮರ್ಯಾದೆಯಿಂದ. ಸ್ಟೀಲ್ ಸ್ಕೇಲ್ ಕೈಗೆ ತಗೊಂಡು, ಮನೆದೇವರನ್ನ ನೆನೆಸಿಕೊಂಡು ಹೋದೆ. ಸದ್ದು ಬರ್ತಿದ್ದಿದ್ದು ಗೋಡೌನಿನ ಮೂಲೇಲಿರೋ ನಮ್ಮ ಟಾಯ್ಲೆಟ್ಟಿಂದ. ಹೊರಗಿನ ಚಿಲಕ ತಾನಾಗೇ ಬಿದ್ದಿತ್ತು. ಕಣ್ಣು ಮುಚ್ಚಿಕೊಂಡು ಎಳೆದೆ.

ಒಳಗೆ ಸಾರು! ಬೆವೆತು ತೊಪ್ಪೆಯಾಗಿದ್ರು.

"ಅಯ್ಯೋ ಸಾರ್, ಕೂಗೋದಲ್ವಾ?"

"ಹೆಂಗಸರು ಕೂತಿರೋ ಕಡೆ ಅಲ್ಲಿಂದ ಹೆಂಗೆ ಕೂಗಲಿ ಮೇಡಂ" ಅಂದೋರೇ, ಮುಖವನ್ನೂ ಒರೆಸಿಕೊಳ್ಳದೆ ಮೇಜಿಗೆ ಹೋಗಿ, ಗೋಡೌನಿನ ದುರಸ್ತಿ ಪುಸ್ತಕ ತೆಗೆದು 'ಟಾಯ್ಲೆಟ್ಟಿನ ಹೊರ ಚಿಲಕ ಸಡಿಲ' ಅಂತ ಬರೆದು ಸೈನ್ ಹಾಕಿದ್ರು. ಆ ಅಕ್ಷರ ನೋಡ್ತೀನಿ, ವಿಮಾನದ ಪುಸ್ತಕದಲ್ಲಿ ಉತ್ತರ ಬರೆದಿದ್ದೂ ಇವರೇ!

"ಅಲ್ಲ ಸಾರ್, ಆ ಎದುರಿನ ಟಾಯ್ಲೆಟ್ಟಲ್ಲಿ ಕೆಮ್ಮಿದ್ದು ಯಾರು?"

ಸಾರ್ ಪೆನ್ನಿನ ಕ್ಯಾಪ್ ಹಾಕಿ ಜೇಬಿಗೆ ಸಿಕ್ಕಿಸಿದ್ರು. "ಗೊತ್ತಿಲ್ಲ ಮೇಡಂ. ಅವರು ಪ್ರತ್ಯೇಕ ದೂರು ಬರೀಲೇ ಇಲ್ಲ."

ಬೆಳೆಯೋ ಡಬ್ಬ

ಕಾಣೆಯಾದ ಹಾಳೆ ಇರಬಹುದಾದ ಡಬ್ಬ ಅಂತ ನಮಗೆ ಗುಮಾನಿ ಇದ್ದಿದ್ದು ಒಂದರ ಮೇಲೆ. ಅದನ್ನ ಎಣಿಸಿದೆ. ನಾನೂರ ಹನ್ನೆರಡು ಹಾಳೆ. ನಿಯಮದ ಪ್ರಕಾರ ಎಣಿಸಿದವರು ಸಂಖ್ಯೆ, ತಾರೀಕು, ಸೈನ್ ಇರೋ ಚೀಟಿ ಬರೆದು ಡಬ್ಬದೊಳಗೇ ಇಡಬೇಕು. ಇಟ್ಟೆ.

ಸಂಜೆ ಅಕ್ಕ ಎಣಿಸಿದ್ರು. "ಮೇಡಂ, ನಾನೂರ ಹದಿಮೂರು."

ಒಂದು ಜಾಸ್ತಿ ಅಂದ್ರೆ? ಸಾರ್ ಕುರ್ಚಿಯಿಂದ ಎದ್ದೇಬಿಟ್ರು. ಗುಲಾಬಿ ಹಾಳೆ ಅದರಲ್ಲೇ ಎಲ್ಲೋ ಅಂಟಿಕೊಂಡಿದೆ ಅಂತ ಮೂವರಿಗೂ ಜೀವ ಬಂದಂಗಾಯ್ತು. ಗುಲಾಬಿ ಹಾಳೆಗಳನ್ನಷ್ಟೇ ಎತ್ತಿ ನಂಬರ್ ತಾಳೆ ನೋಡಿದ್ವಿ. ಇಲ್ಲ, ಅದು ಮಾತ್ರ ಇಲ್ಲ. ಮಾರನೇ ದಿನ ಸಾರ್ ಎಣಿಸಿದಾಗ ನಾನೂರ ಹದಿನಾಲ್ಕು. ನಾನು ಮತ್ತೆ ಎಣಿಸಿದೆ. ಹದಿನೈದು!

ಬೀಗ ಹಾಕಿದ ಗೋಡೌನು, ದಾರ ಕಟ್ಟಿದ ಡಬ್ಬ. ಮುಟ್ಟಿದಾಗೆಲ್ಲ ಒಂದೊಂದು ಹಾಳೆ ಹುಟ್ಟುತ್ತೆ ಅಂದ್ರೆ ಏನರ್ಥ? ಮೆಟ್ರೋ ಹಾದುಹೋದಾಗ ರ‍್ಯಾಕುಗಳು ಗುಂಯ್ ಅನ್ನೋದು ಮಾಮೂಲಿ. ಆವತ್ತು ಆ ಡಬ್ಬ ಒಂದೇ ಉಸಿರಾಡಿದಂಗೆ ಕಾಣಿಸ್ತು ನನಗೆ. ಅಕ್ಕ ಅದರ ಕಡೆ ಬೆನ್ನು ಹಾಕಿ ಕೂರೋದನ್ನೇ ಬಿಟ್ರು.

ಗೇಟಿನ ಹತ್ರ ಪ್ಲಾಸ್ಟಿಕ್ ಕುರ್ಚೀಲಿ ಕೂತಿರೋ ಗೌಡ್ರಿಗೆ ವಿಷಯ ಹೋಯ್ತು. ಬಂದವರೆಲ್ಲ ಅವರನ್ನ ವಾಚ್‌ಮನ್ ಅಂದ್ಕೋತಾರೆ. ಅಸಲಿಗೆ ಗೋಡೌನಿನ ಮಾಲೀಕರೇ ಅವರು. ಒಂದು ಕಾಲಕ್ಕೆ ಇದು ಅವರ ರಾಗಿ ಹೊಲ. ಮನೇಲಿ ಹೊತ್ತು ಹೋಗಲ್ಲ ಅಂತ ಇಲ್ಲಿ ಬಂದು ಕೂರ್ತಾರೆ.

"ನಮ್ ತಾತ ಕಣಮ್ಮಾ" ಅಂದ್ರು ಗೌಡ್ರು, ಒಂಚೂರೂ ಅನುಮಾನ ಇಲ್ಲದೆ. "ಇಲ್ಲೇ ಏಳನೇ ಸಾಲಿನ ಕೆಳ್ಗೆ ಮಣ್ಣು ಮಾಡವ್ರೆ ಅವ್ರನ್ನ. ಬದುಕಿದ್ದಾಗ ಕುರಿ ಎಣಿಸ್ತಿದ್ರು, ಈಗ ಇದನ್ನ ಎಣಿಸ್ತಾವ್ರೆ. ನೀವ್ ತಲೆ ಕೆಡಿಸ್ಕಬ್ಯಾಡಿ."

ಅಕ್ಕ ಮಾರನೇ ದಿನ ಡಬ್ಬಕ್ಕೆ ಅರಿಶಿನದ ದಾರ, ನಿಂಬೆಹಣ್ಣು ಕಟ್ಟಿದ್ರು. ಕಡತಗಳ ಹತ್ರ ಹಣ್ಣು ಇಡೋ ಹಾಗಿಲ್ಲ ಅಂತ ಬೈಯೋಣ ಅಂದ್ಕೊಂಡೆ, ಬಾಯಿ ಬರಲಿಲ್ಲ. ಮತ್ತೆ ಎಣಿಸಿದ್ವಿ. ನಿಂಬೆಹಣ್ಣು ಬಿಟ್ಟು ನಾನೂರ ಹದಿನಾರು.

ಕೊನೆಗೆ, ಏನಾದ್ರೂ ಆಗಲಿ ಅಂತ ಡಬ್ಬ ಮುಚ್ಚದೆ ಹಂಗೇ ಇಡೀದನ್ನ ಸ್ಕ್ಯಾನ್ ಮಾಡಿದ್ವಿ. ಒಂದೊಂದೇ ಹಾಳೆ ಪರದೆ ಮೇಲೆ ಬಂತು. ಎಲ್ಲಾ ಸರಿಯಾಗಿತ್ತು. ಕೊನೆಯ ನಾಲ್ಕರಲ್ಲಿ ಮೊದಲನೇದು ನನ್ನ ಸೈನು. ಆಮೇಲೆ ಅಕ್ಕನ ಸೈನು. ಆಮೇಲೆ ಸಾರ್ದು. ಆಮೇಲೆ ಮತ್ತೆ ನಂದು. ಒಬ್ಬರಿಟ್ಟ ಚೀಟೀನ ಇನ್ನೊಬ್ಬರು ಹಾಳೆ ಅಂತ ಎಣಿಸಿ, ತಾವೊಂದು ಚೀಟಿ ಇಟ್ಟು, ಅದನ್ನ ಮತ್ತೊಬ್ಬರು ಎಣಿಸಿ... ಥೂ ನಮ್ಮ ಜನ್ಮಕ್ಕಿಷ್ಟು!

ಹಾಳೆ ಸಿಗಲಿಲ್ಲ ಅನ್ನೋ ಸಂಕಟದಲ್ಲೂ ನಾನು, ಅಕ್ಕ ಹೊಟ್ಟೆ ಹಿಡ್ಕೊಂಡು ನಕ್ವಿ. ಸಾರ್ ನಗಲಿಲ್ಲ. ಇಂಥ ತಪ್ಪು ಇನ್ನೊಂದು ಸಲ ಆಗಬಾರದು ಅಂತ 'ಚೀಟಿಗಳನ್ನು ಎಣಿಸಬಾರದು' ಅಂತ ಒಂದು ಚೀಟಿ ಬರೆದು ಡಬ್ಬದೊಳಗೆ ಹಾಕಿದ್ರು.

ಮನೆಗೆ ಬಂದ ಕೈ

ಇದು ಚಿಕ್ಕದು. ಆದ್ರೆ ನನ್ನ ಸಂಸಾರಕ್ಕೆ ಸಂಬಂಧಪಟ್ಟಿದ್ದು.

ಹಳೇ ಪುಸ್ತಕ ಒಂದರ ಹಾಳೆ ತೆಗೆದಾಗ ಅದರ ಮೇಲೆ ಒಂದು ಅಂಗೈ ಗುರುತು ಕಾಣಿಸ್ತು. ಐದೂ ಬೆರಳು ಸ್ಪಷ್ಟ, ನಸು ನೇರಳೆ ಬಣ್ಣ. ಯಾವನೋ ಮೆಕ್ಯಾನಿಕ್ಕು ಎಣ್ಣೆ ಕೈಯಲ್ಲಿ ಊರಿದ್ದು. ಹದಿನಾಲ್ಕು ವರ್ಷ ಹಳೇದು, ಇನ್ನೂ ಒದ್ದೆ! ಮುಟ್ಟಿ ನೋಡಿದೆ, ಜಿಡ್ಡು. ಅಬ್ಬಾ ಅಂತ ಮುಚ್ಚಿಟ್ಟೆ.

ಮಧ್ಯಾಹ್ನ ನನ್ನ ಮೇಜಿನ ಮೇಲೆ ಅದೇ ಬಣ್ಣದ ಕೈ. ಮೂರು ಗಂಟೆಗೆ ಟೀ ಫ್ಲಾಸ್ಕಿನ ಮೇಲೆ. ಸಂಜೆ ಮೆಟ್ರೋದಲ್ಲಿ ಬ್ಯಾಗ್ ನೋಡ್ಕೋತೀನಿ, ಬ್ಯಾಗಿನ ಮೇಲೂ ಅದೇ. ನಾಯಂಡಹಳ್ಳಿಯಿಂದ ವಿಜಯನಗರದ ತನಕ ಜೊತೇಲೇ ಬಂದಿದೆ ಅಂದ್ರೆ! ನಾಲ್ಕು ಸ್ಟೇಷನ್ನೂ ಬ್ಯಾಗನ್ನ ಮೈಗೆ ತಾಗಿಸಿಕೊಳ್ಳದೆ ದೂರ ಹಿಡ್ಕೊಂಡು ಬಂದೆ.

ಮನೆಗೆ ಬಂದು ನೀರು ಕುಡಿದು ಕೂತೆ. ಒಳಗಿಂದ ನಮ್ಮೆಜಮಾನ್ರು ಕೂಗಿದ್ರು, "ಲೇ, ಫ್ರಿಡ್ಜ್ ಮೇಲೆ ಯಾರದ್ದೇ ಇದು ಕೈ?"

ನಾನು ಕಿಟಾರನೆ ಕಿರುಚಿದೆ. ಅವರು ಹತ್ರ ಬಂದು, ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿದ್ರು. ಅಂಗೈ ತುಂಬ ನೇರಳೆ ಜಿಡ್ಡು. ವಿಮಾನದ ಆ ಎಣ್ಣೆ ಅಷ್ಟು ಸುಲಭಕ್ಕೆ ಒಣಗಲ್ಲ ಅಂತ ಸಾರ್ ಮಾರನೇ ದಿನ ಹೇಳಿದ್ರು.

ನಮ್ಮೆಜಮಾನ್ರು ಮಾತ್ರ ಫ್ರಿಡ್ಜ್ ಒರೆಸ್ತಾ ಅಂದಿದ್ದು ಇಷ್ಟೇ: "ಆಫೀಸ್ ಕೆಲಸ ಮನೆಗೆ ತರಬೇಡ ಅಂತ ಎಷ್ಟು ಸಲ ಹೇಳಿದೀನಿ."

ಎಡೆ

ಇನ್‌ಸ್ಪೆಕ್ಟರು ಬರೋ ದಿನ ಬಂದೇಬಿಡ್ತು. ಹಾಳೆ ಸಿಕ್ಕಿರಲಿಲ್ಲ. ನಮ್ಮ ಗ್ರಹಚಾರಕ್ಕೆ ಆವತ್ತೇ ಮಹಾಲಯ ಅಮಾವಾಸ್ಯೆ.

ಗೌಡ್ರು ಗೋಡೌನ್ ಕೊಡುವಾಗಲೇ ಒಂದು ಕರಾರು ಹಾಕಿದ್ರು. ವರ್ಷಕ್ಕೊಂದು ಸಲ, ಹಿರಿಯರ ಹಬ್ಬದ ದಿನ, ಏಳನೇ ಸಾಲಿನಲ್ಲಿ ತಾತನಿಗೆ ಎಡೆ ಇಡಬೇಕು. ಬಾಳೆಲೆ ಹಾಸಿ, ಅವರು ತಿಂತಿದ್ದ ಕುಡೀತಿದ್ದದ್ದನ್ನೆಲ್ಲ ಬಡಿಸಿ, ಹೊಸ ಪಂಚೆ ಟವೆಲ್ ಇಟ್ಟು, ಬಾಗಿಲು ಹಾಕ್ಕೊಂಡು ಎಲ್ಲರೂ ಹೊರಗೆ ಬಂದುಬಿಡಬೇಕು. ಅರ್ಧ ಗಂಟೆ ಯಾರೂ ಇಣುಕೋ ಹಾಗಿಲ್ಲ. ಹಿರಿಯರು ಬಂದು ಉಂಡು ಹೋಗೋ ಹೊತ್ತು ಅದು.

ನನಗೂ ನನ್ನ ನಿಯಮ ಇದೆಯಲ್ಲ. ಕಡತದ ಕೋಣೆಗೆ ಬೆಂಕಿ ಹೋಗಬಾರದು, ಹಾಗಾಗಿ ದೀಪದ ಬದಲು ಪ್ಲಾಸ್ಟಿಕ್ಕಿನ ಬ್ಯಾಟರಿ ದೀಪ. ಒಳಗೆ ಹೋಗೋ ಪ್ರತಿ ವಸ್ತುವನ್ನೂ ರಿಜಿಸ್ಟರಲ್ಲಿ ಬರೀಬೇಕು. ಸಾರ್ ಕೂತು ಬರೆದ್ರು: 'ರಾಗಿ ಮುದ್ದೆ, ಎರಡು. ಕೋಳಿ ಸಾರು, ಒಂದು ಬಟ್ಟಲು. ವಡೆ, ನಾಲ್ಕು. ಬ್ರಾಂದಿ, ಒಂದು ಲೋಟ. ಒಳಗೆ ತಂದವರು, ಗೌಡರು. ಬಳಸುವವರು' ಅಂತ ಬರೆದು ಪೆನ್ನು ನಿಲ್ಲಿಸಿ ಗೌಡ್ರ ಮುಖ ನೋಡಿದ್ರು. "ತಾತ ಅಂತ ಬರೀರಿ ಸಾರ್" ಅಂದ್ರು ಗೌಡ್ರು. ಬರೆದ್ರು.

ಇನ್‌ಸ್ಪೆಕ್ಟರು ಹೊರದೇಶದವನು. ಆರಡಿ ಮೇಲಿನ ಆಳು, ಸುಣ್ಣ ಬಳಿದ ಗೋಡೆ ಬಣ್ಣ. ಬೆಳಿಗ್ಗೆಯಿಂದ ಪುಸ್ತಕ ತಿರುವಿ ಹಾಕಿ, ಹನ್ನೊಂದೂವರೆಗೆ ಸಾರ್ ಮುಂದೆ ಬಂದು ನಿಂತು ಇಂಗ್ಲಿಷಲ್ಲಿ ಹೇಳಿದ. "ನಿಮ್ಮ ಮಾತನ್ನ ನಾನು ನಂಬ್ತೀನಿ. ಆದ್ರೆ ರಿಪೋರ್ಟಿನಲ್ಲಿ ನಂಬಿಕೆ ಅಂತ ಕಾಲಂ ಇಲ್ಲ. ಸಂಜೆ ಒಳಗೆ ಹಾಳೆ ಸಿಗದಿದ್ರೆ, ನೋಡಿಲ್ಲ ಅಂತಲೇ ಬರೀಬೇಕಾಗುತ್ತೆ."

"ಸರಿ" ಅಂದ್ರು ಸಾರ್. ಅಷ್ಟೇ. ಆ 'ಸರಿ' ಕೇಳಿ ನನಗೆ ಅಳು ಬಂದುಬಿಡ್ತು.

ಇನ್‌ಸ್ಪೆಕ್ಟರು ಸ್ವಲ್ಪ ನಡೆದುಕೊಂಡು ಬರ್ತೀನಿ ಅಂತ ಗೇಟಿಂದ ಹೊರಗೆ ಹೋದ. ಕೋಣೆ ಖಾಲಿ ಇದೆ ಅಂತ ಗೌಡ್ರ ಮನೆಯವರು ಎಡೆ ಇಟ್ಟು ಬಾಗಿಲು ಹಾಕಿದ್ರು. ಹೊರಗೆ ನಾನು, ಅಕ್ಕ, ಸಾರು, ಗೌಡ್ರು, ಮತ್ತೆ ಗೌಡ್ರ ಸೋದರತ್ತೆ. ಎಂಬತ್ತು ದಾಟಿದ ಅಜ್ಜಿ, ಆ ತಾತನ ಖಾಸಾ ಮಗಳು, ಕಣ್ಣಿಗೆ ಪೊರೆ ಬಂದಿದೆ. ಕೈ ಮುಗಿದುಕೊಂಡು ನಿಂತಿದ್ರು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗೆ ಬಾಳೆಲೆ ಸರಕ್ ಅಂತು.

ಇಲಿ ಇರಬೇಕು ಅಂದ್ಕೊಂಡೆ. ಆದ್ರೆ ಲೋಟ ಎತ್ತಿ ನೆಲಕ್ಕಿಟ್ಟ ಸದ್ದು ಬಂತು, ಟಕ್ ಅಂತ. ಇಲಿ ಲೋಟ ಎತ್ತಲ್ಲ. ಅಜ್ಜಿ ನನ್ನ ಮಣಿಕಟ್ಟು ಹಿಡ್ಕೊಂಡ್ರು. ಅವರ ಕೈ ತಣ್ಣಗಿತ್ತು, ನನ್ನದು ಇನ್ನೂ ತಣ್ಣಗೆ. ಒಳಗೆ ಯಾರೋ ಕೆಮ್ಮಿದ್ರು. ಗಂಡಸಿನ ಕೆಮ್ಮು. ಆಮೇಲೆ ಉಸಿರೆಳೆದು ಬಿಕ್ಕಿದಂಗೆ ಸದ್ದು, ಮೂಗು ಸೊರ್ ಅನ್ನಿಸಿದಂಗೆ.

"ಅಳ್ತಾವ್ನೆ ಕಣ್ರಪ್ಪಾ" ಅಂದ್ರು ಅಜ್ಜಿ. "ನಮ್ಮನ್ನ ನೆನೆಸ್ಕಂಡು ಅಳ್ತಾವ್ನೆ ನಮ್ಮಪ್ಪ."

ದೆವ್ವ ಗಿವ್ವ ಅಂದ್ರೆ ಬೈದು ಕಳಿಸೋ ಹೆಂಗಸು ನಾನು. ಮೈಮೇಲಿನ ರೋಮ ಎಲ್ಲ ಎದ್ದು ನಿಂತಿತ್ತು. ಅಷ್ಟರಲ್ಲಿ ಒಳಗೆ ಇಡೀ ರ‍್ಯಾಕು ಗಡಗಡ ಅಂತ ಅಲುಗಾಡ್ತು. ಮೆಟ್ರೋ ಹೋಗಿರಲಿಲ್ಲ. ಡಬ್ಬಗಳು ಧಬಧಬ ಒಂದಕ್ಕೊಂದು ಗುದ್ದಿಕೊಂಡು, ಆಮೇಲೆ ಒಂದು ದೊಡ್ಡ ದನಿ "ಆಹಾ!" ಅಂತು. ಅಕ್ಕ ನನ್ನ ಹಿಂದೆ ಬಚ್ಚಿಟ್ಟುಕೊಂಡ್ರು. ಗೌಡ್ರು ಕಣ್ಣೀರು ಒರೆಸಿಕೊಂಡು "ಕೋಳಿ ಸಾರು ಹಿಡಿಸೈತೆ" ಅಂದ್ರು. ಸಾರ್ ಮಾತ್ರ ನೋಟ್‌ಬುಕ್ಕಿನಲ್ಲಿ ಬರೀತಿದ್ರು: 'ಹನ್ನೆರಡು ಹತ್ತು, ಕೆಮ್ಮು. ಹನ್ನೆರಡು ಹದಿನೈದು, ರ‍್ಯಾಕ್ ಅಲುಗಾಟ.'

ಅರ್ಧ ಗಂಟೆ ಆಯ್ತು. ಗೌಡ್ರು ಬಾಗಿಲು ತೆಗೆದ್ರು.

ಬ್ಯಾಟರಿ ದೀಪ ಮಿಣುಕ್ ಮಿಣುಕ್ ಅಂತಿತ್ತು. ಏಳನೇ ಸಾಲಿನ ಬುಡದಲ್ಲಿ, ಬರಿದಾದ ಬಾಳೆಲೆ ಮುಂದೆ, ಚಕ್ಕಂಬಕ್ಕಲ ಹಾಕ್ಕೊಂಡು, ಹೊಸ ಟವೆಲ್ ಹೆಗಲ ಮೇಲೆ ಹಾಕ್ಕೊಂಡು ಒಂದು ಬೆಳ್ಳನೆ ಆಕಾರ ಕೂತಿತ್ತು. ಕಣ್ಣಿಂದ ಧಾರಾಕಾರ ನೀರು.

ಅಜ್ಜಿ ಹೋಗಿ ಅದರ ಕಾಲ ಮೇಲೆ ಬಿದ್ದೇಬಿಟ್ರು. "ಅಪ್ಪಯ್ಯಾ! ಎಷ್ಟು ಬೆಳ್ಳಗಾಗೋಗಿದ್ದೀಯೋ ಅಪ್ಪಯ್ಯಾ!"

ಇನ್‌ಸ್ಪೆಕ್ಟರು! ಲಾರಿ ನಿಲ್ಲಿಸೋ ಹಿಂದಿನ ಶಟರ್ ಕಡೆಯಿಂದ ವಾಪಸ್ ಬಂದಿದ್ದಾನೆ. ಘಮಘಮ ವಾಸನೆ, ದೀಪ, ಎಲೆ, ಕೈ ಒರೆಸಿಕೊಳ್ಳೋಕೆ ಹೊಸ ಟವೆಲ್ಲು ಬೇರೆ. ಈ ದೇಶದಲ್ಲಿ ಅತಿಥಿಗಳಿಗೆ ಒಬ್ಬರನ್ನೇ ಕೂರಿಸಿ ಮರ್ಯಾದೆ ಮಾಡ್ತಾರೇನೋ ಅಂತ ಕೂತು ಎಲ್ಲಾ ಖಾಲಿ ಮಾಡಿದ್ದಾನೆ. ಕಣ್ಣೀರು ಬಂದಿದ್ದು ಗೌಡ್ರ ಮನೆ ಖಾರಕ್ಕೆ. ನಾನು ಅಜ್ಜಿಗೆ ನಿಜ ಹೇಳೋಕೆ ಬಾಯಿ ತೆಗೆದೆ. ಗೌಡ್ರು ನನ್ನ ಕಡೆ ಕೈ ಮುಗಿದು, ಬೇಡ ಅಂತ ತಲೆ ಆಡಿಸಿದ್ರು. ಅಜ್ಜಿ ಅವನ ಗಲ್ಲ ಸವರಿ, "ಮುಂದಿನ ವರ್ಸಕ್ಕೆ ಏನು ಮಾಡಿಕೊಡ್ಲಪ್ಪಾ?" ಅಂತ ಕೇಳಿದ್ರು. ಅವನಿಗೆ ಏನು ಅರ್ಥ ಆಯ್ತೋ, ಬೆರಳಲ್ಲಿ ವಡೆ ಇದ್ದ ಜಾಗ ತೋರಿಸಿದ. ಅಜ್ಜಿ ಖುಷಿಯಾಗಿ ಎದ್ದು ಹೋದ್ರು.

ಅವರು ಅತ್ತ ಹೋದ ಮೇಲೆ ಇನ್‌ಸ್ಪೆಕ್ಟರು ಕೈ ಮುಂದೆ ಚಾಚಿದ. ಕೈಯಲ್ಲಿ ಗುಲಾಬಿ ಬಣ್ಣದ ಕಾಗದ, ಎಂಟು ಮಡಿಕೆಯದ್ದು.

"ನೆಲದ ಮೇಲೆ ಕೂತಿದ್ನಲ್ಲ, ಈ ರ‍್ಯಾಕಿನ ಕಾಲಿನ ಕೆಳಗೆ ಕಾಣಿಸ್ತು. ಎಳೆದೆ. ರ‍್ಯಾಕೇ ನನ್ನ ಮೇಲೆ ಬೀಳೋದ್ರಲ್ಲಿತ್ತು."

ಇಸ್ಕೊಂಡು ಬಿಚ್ಚಿದೆ. ಅದೇ ನಂಬರು! ಅದೇ ದಿನ! ಎಡಗಡೆ 'ಜೋರಾಗಿ ಇಳಿಯಿತು' ಅಂತ ಪೈಲಟ್ ಬರೆದಿದ್ದು. ಬಲಗಡೆ ಚಕ್ರದ ಕಾಲುಗಳ ತಪಾಸಣೆಯ ಪ್ರತಿ ವಿವರ, ಕೆಳಗೆ ಸಾರ್ ಸೈನು, ಲೈಸೆನ್ಸ್ ನಂಬರು.

"ಯಾವ ಅಯೋಗ್ಯ ಇದನ್ನ ಮಡಚಿ ರ‍್ಯಾಕಿಗೆ ತುರುಕಿದ್ದು?" ಅಂತ ನಾನು ಕೂಗಿದೆ. "ಅವನ ಕೈ ಸೇದಿಹೋಗ! ಎರಡು ತಿಂಗಳು ಒಬ್ಬ ದೇವರಂಥ ಮನುಷ್ಯನ್ನ..."

"ಹಿಂದೆ ತಿರುಗಿಸಿ" ಅಂದ ಇನ್‌ಸ್ಪೆಕ್ಟರು.

ತಿರುಗಿಸಿದೆ. ಹಿಂದಿನ ಖಾಲಿ ಬದಿಯಲ್ಲಿ ನೀಟಾದ ಅಕ್ಷರ: 'ಏಳನೇ ಸಾಲಿನ ರ‍್ಯಾಕ್ ಅಲುಗಾಡುತ್ತಿತ್ತು. ಕಾಲಿನ ಕೆಳಗೆ ಕಾಗದ ಮಡಚಿ ಇಡಲಾಯಿತು. ಪರೀಕ್ಷಿಸಲಾಯಿತು. ಈಗ ಅಲುಗಾಡುವುದಿಲ್ಲ.' ತಾರೀಕು, ನಾವು ಗೋಡೌನಿಗೆ ಸಾಮಾನು ಸಾಗಿಸಿದ ದಿನದ್ದು. ಕೆಳಗೆ ಸಾರ್ ಸೈನು, ಲೈಸೆನ್ಸ್ ನಂಬರು.

ಸಾರ್ ಮುಖ ನೋಡಬೇಕಿತ್ತು! ಗೋಡೆ ಹಿಡ್ಕೊಂಡು ನಿಂತು, "ನೆಲದ ಮೇಲೆ ಬಿದ್ದಿತ್ತು ಮೇಡಂ... ಈ ಕಡೆ ಖಾಲಿ ಇತ್ತು... ಮಗುಚಿ ನೋಡಲಿಲ್ಲ" ಅಂದ್ರು. ಶಾಪ ಹಾಕಿದ ಬಾಯಿ ಮೇಲೆ ನಾನೇ ಹೊಡ್ಕೊಂಡೆ. ಅಕ್ಕ ನೋಡಿದ್ರೆ ಆಗಲೇ ಸೆರಗಲ್ಲಿ ಕಣ್ಣೊರೆಸಿಕೊಳ್ತಿದಾರೆ.

ಇನ್‌ಸ್ಪೆಕ್ಟರು ಮೇಜಿನ ಹತ್ರ ಹೋಗಿ, ವಿಮಾನದ ಕಡತಗಳೆಲ್ಲ ಪೂರ್ತಿ ಇವೆ, ಯಾವ ಆಕ್ಷೇಪಣೆಯೂ ಇಲ್ಲ ಅಂತ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿ ಮೇಲೆದ್ದು, ಸಾರ್ ಕೈ ಕುಲುಕಿದ. "ಮಡಚಿದ ಕಾಗದಕ್ಕೂ ಲೈಸೆನ್ಸ್ ನಂಬರ್ ಹಾಕೋ ಮನುಷ್ಯ ಚಕ್ರ ನೋಡದೆ ವಿಮಾನ ಬಿಡ್ತಾನಾ? ನನ್ನ ಸರ್ವೀಸಲ್ಲೇ ಇಂಥವರನ್ನ ನೋಡಿಲ್ಲ."

ಎರಡು ತಿಂಗಳಿಂದ ಬಗ್ಗಿದ್ದ ಸಾರ್ ಬೆನ್ನು ನೆಟ್ಟಗಾಯ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ್ರು. ಅಷ್ಟರಲ್ಲಿ ಹೊರಗೆ ಮೆಟ್ರೋ ಹಾದುಹೋಯ್ತು, ಏಳನೇ ಸಾಲಿನ ರ‍್ಯಾಕು ಗಡಗಡ ಅಂತ ಆಡೋಕೆ ಶುರು ಆಯ್ತು.

ಸಾರ್ ಒಂದು ಕ್ಷಣ ಅದನ್ನೇ ನೋಡಿದ್ರು. ಕನ್ನಡಕ ಇನ್ನೂ ಕೈಯಲ್ಲೇ ಇತ್ತು. ಸುಮ್ಮನೆ ಮೇಜಿನ ಮೇಲಿದ್ದ ಒಂದು ಹಾಳೆ ತಗೊಂಡು, ಖಾಲಿ ಬದಿ ಮೇಲೆ ಮಾಡಿಕೊಂಡು ರ‍್ಯಾಕಿನ ಕಡೆ ಹೊರಟ್ರು.

"ಸಾರ್ ಸಾರ್ ಸಾರ್!" ಅಂತ ನಾನು, ಅಕ್ಕ ಕನ್ನಡದಲ್ಲೂ ಇನ್‌ಸ್ಪೆಕ್ಟರು ಇಂಗ್ಲಿಷಲ್ಲೂ ಒಟ್ಟಿಗೆ ಅರಚಿಕೊಂಡು ಹಿಂದೆ ಓಡಿದ್ವಿ. ಅಷ್ಟು ಹೊತ್ತಿಗೆ ಒಪ್ಪಿಗೆ ಪತ್ರ ನಾಲ್ಕು ಮಡಿಕೆ ಆಗಿ, ಮೇಲೆ ತಾರೀಕು ಬಿದ್ದಾಗಿತ್ತು.